ಉಜನಿಯ ನೀರು ಇಳಿಯಲಿ

ಪುಣೆಯಲ್ಲಿ ಚಳಿಗಾಲ ಬಂತೆಂದರೆ ಹಕ್ಕಿ ನೋಡುವವರಿಗೆ ಹುರುಪು. ಭಾನುವಾರ ನಸುಕಿಗೇ ಮಂಕಿ ಕ್ಯಾಪ್ ಏರಿಸಿ, ಟೆಂಪೋ ಟ್ರಾವೆಲರ್ ಮಾಡಿಕೊಂಡು, ಸೊಲ್ಲಾಪುರ ರಸ್ತೆಯಲ್ಲಿ ಸುಮಾರು ನೂರು ಕಿಲೋಮೀಟರ್ ದೂರದ ಭಿಗವಣಕ್ಕೆ ಹೊರಟುಬಿಡುತ್ತಾರೆ. ಈ ಜನವರಿಯಲ್ಲಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ನನ್ನನ್ನೂ ಎಳೆದುಕೊಂಡು ಹೋದರು. ಹದಿನಾಲ್ಕು ಜನರಲ್ಲಿ ಕನ್ನಡದವನು ನಾನೊಬ್ಬನೇ.

ಭಿಗವಣದಲ್ಲಿರುವುದು ಉಜನಿ ಅಣೆಕಟ್ಟಿನ ಹಿನ್ನೀರು. ಅಣೆಕಟ್ಟು ಕಟ್ಟಿರುವುದು ಭೀಮೆಗೆ. ಹೌದು, ನಮ್ಮದೇ ಭೀಮೆ! ಗಾಣಗಾಪುರದ ಸಂಗಮದಲ್ಲಿ ನೀವು ಮುಳುಗು ಹಾಕಿ ಬರುತ್ತೀರಲ್ಲ, ಅದೇ ಹೊಳೆ. ನಾನು ಅಫಜಲಪುರ ತಾಲ್ಲೂಕಿನ ಹೊಳೆದಂಡೆಯವನು. ನಮ್ಮ ಕಡೆ ಉಜನಿ ಅಂದರೆ ಒಂದು ಸುದ್ದಿ. ಮಳೆಗಾಲದಲ್ಲಿ ‘ಉಜನಿಯಿಂದ ಬಿಟ್ರಂತ’ ಅಂದರೆ ಪಂಪ್‌ಸೆಟ್ ಬಿಚ್ಚಿಕೊಂಡು ಓಡಬೇಕು. 2020ರ ಅಕ್ಟೋಬರಿನಲ್ಲಿ ನಮ್ಮ ಕಬ್ಬು, ತೊಗರಿ ಎರಡೂ ಹೊಳೆ ಪಾಲಾದವು. ಬೇಸಿಗೆಯಲ್ಲಿ ‘ಬಿಡಲಿಲ್ಲಂತ’ ಅಂದರೆ ಉಸುಕಿನಲ್ಲಿ ವರತಿ ತೋಡಿ, ಬಟ್ಟಲಲ್ಲಿ ಮೊಗೆದು ಕೊಡ ತುಂಬಬೇಕು.

ಆ ನೀರನ್ನು ತಡೆದು ನಿಲ್ಲಿಸಿದ ಜಾಗದಲ್ಲೇ ನೋಡಿದ್ದು ಇದೇ ಮೊದಲು. ಏನು ನೀರು ಮಾರಾಯರೇ! ಮಂಜಿನಲ್ಲಿ ಆಚೆ ದಡವೇ ಕಾಣದು. ಜಾಲಿಗಿಡಗಳ ನಡುವೆ ಸಾಲಾಗಿ, ಸದ್ದಿಲ್ಲದೆ ನಡೆದೆವು. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ದಂಡೆಯಲ್ಲಿ ಬಿಸಿಲು ಕಾಯುತ್ತಿದ್ದವು. ಮೇಷ್ಟ್ರು ಬೈನಾಕ್ಯುಲರ್ ನನ್ನ ಕಣ್ಣಿಗೊತ್ತಿ ‘ಬಘಾ, ಬಘಾ’ ಅಂದರು. ಎಲ್ಲರೂ ಬಂದದ್ದು ರಾಜಹಂಸಕ್ಕಾಗಿ, ಅಂದರೆ ಫ್ಲೆಮಿಂಗೋ; ಅಲ್ಲಿಯವರ ಬಾಯಲ್ಲಿ ರೋಹಿತ. ದೋಣಿ ಹತ್ತಿ ಹೋದರೂ ಸಿಕ್ಕಿದ್ದು ಮೂವತ್ತೋ ನಲವತ್ತೋ, ದೂರದಲ್ಲಿ ಸುಣ್ಣ ಬಳಿದ ಗೂಟಗಳ ಹಾಗೆ.

‘ನೀರು ಜಾಸ್ತಿ ಇದೆ, ಸಾಹೇಬರೆ’ ಅಂದ ದೋಣಿಯವ. ಈ ಹಕ್ಕಿ ಕೊಕ್ಕನ್ನು ತಲೆಕೆಳಗು ಮಾಡಿ ಕೆಸರುನೀರು ಸೋಸಿ ತಿನ್ನುವಂಥದ್ದು. ಕಾಲೂರಿ ನಿಲ್ಲುವಷ್ಟೇ ನೀರಿದ್ದರೆ ಅದಕ್ಕೆ ಹಬ್ಬ. ಅಣೆಕಟ್ಟಿನಿಂದ ಬಿಡುತ್ತ ಬಂದಂತೆ ಹಿನ್ನೀರು ಸರಿದು ಕೆಸರು ತೆರೆಯುತ್ತದೆ, ಹಿಂಡು ಇಳಿಯುತ್ತದೆ. ಇನ್ನೂ ಇಳಿದರೆ ಮುಳುಗಿದ ಪಳಸದೇವದ ಹಳೆಯ ಗುಡಿಯೂ ಏಳುತ್ತದೆ. ಅವನ ಅಜ್ಜನ ಹೊಲವೂ ಆ ಕಡೆಯೇ ಎಲ್ಲೋ ತಳದಲ್ಲಿದೆಯಂತೆ. ಅದನ್ನು ಹೇಳುವಾಗ ಅವನು ನೀರಿನ ಕಡೆ ನೋಡಲಿಲ್ಲ, ಹುಟ್ಟು ಹಾಕುತ್ತಲೇ ಇದ್ದ.

‘ದೇವರೇ, ನೀರು ಬೇಗ ಇಳಿಯಲಿ’ ಎಂದರು ಕ್ಯಾಮೆರಾದವರು. ‘ಇಳಿಯಲಿ’ ಎಂದು ಎಲ್ಲರಿಗಿಂತ ಜೋರಾಗಿ ಅಂದವನು ನಾನು. ಹೊಸಬನಿಗೆ ಎಂಥ ಹಕ್ಕಿಹುಚ್ಚು ಎಂದು ನಕ್ಕರು.

‘ಇಳಿದ ನೀರು ಎಲ್ಲಿಗೆ ಹೋಗುತ್ತೆ?’ ಎಂದು ದೋಣಿಯವನನ್ನು ಕೇಳಿದೆ. ‘ಕಾಲುವೆಗೆ, ಕಬ್ಬಿಗೆ, ಸೊಲ್ಲಾಪುರದ ನಳಕ್ಕೆ’ ಎಂದು ಕೈ ಚಾಚಿದ. ಅದರಾಚೆ ಊರೇ ಇಲ್ಲವೇನೋ ಎಂಬಂತೆ ಕೈ ಅಲ್ಲಿಗೇ ನಿಂತಿತು.

ಸಂಜೆ ಅವ್ವನಿಗೆ ಫೋನ್ ಮಾಡಿ ಗುಲಾಬಿ ರೆಕ್ಕೆಯ ಹಕ್ಕಿಯ ವರ್ಣನೆ ಶುರು ಮಾಡಿದೆ.

‘ಹಕ್ಕಿ ಮಾತು ಇರ್ಲಿ ತಮ್ಮಾ, ನೀರು ಎಷ್ಟದ?’

‘ಭಾಳ ಅದವ್ವ, ದಂಡೀನೇ ಕಾಣ್ಸಂಗಿಲ್ಲ.’

‘ಹಂಗಾರ ಈ ಸಲ ಬಿಡ್ತಾರೇಳು’ ಅಂದಳು. ಸ್ವಲ್ಪ ತಡೆದು, ‘ಮಾರ್ಚ್‌ದಾಗ ಇನ್ನೊಮ್ಮಿ ಹೋಗಿ ನೋಡ್ಕೊಂಡು ಬಾ’ ಎಂದಳು.

ಮಾರ್ಚ್‌ ನಡಿಗೆಗೆ ಹೆಸರು ಕೊಟ್ಟಿದ್ದೇನೆ.