ತಾತನ ಹೆಸರು

ನಾನು ಮದ್ಯವನ್ನು ಮುಟ್ಟಿದವನಲ್ಲ. ಆದರೂ ಗ್ರೀಸ್ ದೇಶದ ಒಂದು ದ್ರಾಕ್ಷಾಮದ್ಯದ ಮನೆತನದ ಕಥೆ ನನ್ನ ಮನಸ್ಸಿನಲ್ಲಿ ನೆಲೆಸಿದೆ. ಅಣ್ಣನೂ ನಾನೂ ಪಾಲಾಗಿ ಬೇರೆಯಾದ ವರ್ಷ ಅದನ್ನು ಓದಿದೆನು.

ನೌಸಾ ಎಂಬ ಊರು ಇನ್ನೂ ತುರ್ಕರ ಆಳ್ವಿಕೆಯಲ್ಲಿದ್ದ 1879ರಲ್ಲಿ ಇಯೋನಿಸ್ ಬೂತಾರಿಸ್ ಎಂಬವರು ಈ ಉದ್ಯಮವನ್ನು ಸ್ಥಾಪಿಸಿದರು. ಆ ಸೀಮೆಯ ದ್ರಾಕ್ಷಿ ಕ್ಸಿನೋಮಾವ್ರೊ. ಹೆಸರಿನ ಅರ್ಥವೇ 'ಹುಳಿಗಪ್ಪು'. ಅದರ ಮದ್ಯ ಎಳೆಯದಾಗಿದ್ದಾಗ ಬಲು ಒಗರು. ಪೀಪಾಯಿಯಲ್ಲಿಯೂ ಸೀಸೆಯಲ್ಲಿಯೂ ವರ್ಷಗಳನ್ನು ಕಳೆದ ಮೇಲೆಯೇ ಮೃದುವಾಗುವುದು.

ಮೊಮ್ಮಗನಿಗೆ ತಾತನ ಹೆಸರಿಡುವ ವಾಡಿಕೆ ನಮ್ಮಂತೆ ಗ್ರೀಕರಲ್ಲಿಯೂ ಉಂಟು. ಸ್ಥಾಪಕರ ಮೊಮ್ಮಗ ಯಾನ್ನಿಸ್, 1997ರಲ್ಲಿ ಮೂಲ ಸಂಸ್ಥೆಯನ್ನು ಬಿಟ್ಟು ಬೇರೆ ನಿಂತರು. ಮನೆತನದ ಹೆಸರು ಹಳೆಯ ಸಂಸ್ಥೆಗೇ ಉಳಿಯಿತು. ಹೊಸದಕ್ಕೆ 'ಕಿರ್-ಯಾನ್ನಿ', ಎಂದರೆ 'ಯಾನ್ನಿಯವರು', ಎಂಬ ಹೆಸರಾಯಿತು. ಯಾನ್ನಿಸ್ ಎಂಬುದು ಇಯೋನಿಸ್ ಎಂಬುದರ ಬಳಕೆಯ ರೂಪವೇ. ಬೇರೆಯಾಗಿ ಹೊರಟ ಮೊಮ್ಮಗನೊಡನೆ ತಾತನ ಹೆಸರೂ ಹೊರಟುಬಂದಿತು.

ನಮ್ಮ ತಂದೆಯ ಹೆಸರನ್ನು ಅಣ್ಣನ ಮಗನಿಗೂ ನನ್ನ ಮಗನಿಗೂ ಇಟ್ಟಿದೆ. ಸಂಜೆಯಾದರೆ ಎರಡು ಮನೆಗಳಲ್ಲಿಯೂ ಆ ಒಂದೇ ಹೆಸರನ್ನು ಕೂಗುತ್ತಾರೆ. ನಮ್ಮ ಒಗರು ಇನ್ನೂ ಪೂರ್ತಿಯಾಗಿ ಹೋಗಿಲ್ಲ. ಆದರೆ ಬರುವ ಯುಗಾದಿಗೆ ಮಗನನ್ನು ಕರೆದುಕೊಂಡು ಅಣ್ಣನ ಮನೆಗೆ ಹೋಗಬೇಕೆಂದಿದ್ದೇನೆ.