ತಲೆ, ಕಾಲು ಮತ್ತು ಒಂದು ತಟ್ಟೆ ಅನ್ನ

ಹೊಟ್ಟೆಪಾಡಿಗೆ ಅಂತ ಬ್ಯಾಂಕಾಕಿಗೆ ಬಂದ ಹೊಸದರಲ್ಲಿ ನನಗೆ ಹೇಳಿಕೊಟ್ಟ ಮೊದಲ ಪಾಠ ಇದು: ಯಾರ ತಲೆಯನ್ನೂ ಮುಟ್ಟಬೇಡ, ಯಾರ ಕಡೆಗೂ ಕಾಲು ಚಾಚಬೇಡ. ತಲೆ ಮೇಲು, ಕಾಲು ಕೀಳು.

ಎದೆ ಧಸಕ್ಕೆಂದಿತು. ಬಾಯಿಂದ ಒಬ್ಬ, ಪಾದದಿಂದ ಒಬ್ಬ ಹುಟ್ಟಿದ ಅನ್ನೋ ಕತೆ ಕೇಳಿ ಬೆಳೆದವನು ನಾನು. ಆ ಪಾದಕ್ಕೂ ಸೇರದ ಕೇರಿ ನಮ್ಮದು. ಸಮುದ್ರ ದಾಟಿದರೂ ಇದೇ ಲೆಕ್ಕವಾ?

ಇರುತ್ತಾ ಇರುತ್ತಾ ಗೊತ್ತಾಯ್ತು. ಇಲ್ಲಿ ಕಾಲು ಅಂದರೆ ಎಲ್ಲರ ಕಾಲು. ಸಾಹುಕಾರನ ಕಾಲೂ ಕೀಳೇ, ಕಸ ಗುಡಿಸುವವಳ ತಲೆಯೂ ಪವಿತ್ರವೇ. ಮನೆ ಹೊಸ್ತಿಲಲ್ಲಿ, ಬುದ್ಧನ ಗುಡಿಯಲ್ಲಿ ಎಲ್ಲರೂ ಚಪ್ಪಲಿ ಬಿಡುತ್ತಾರೆ. ಕಾರಿನವನ ಬೂಟು, ಕೂಲಿಯವನ ಹವಾಯಿ ಚಪ್ಪಲಿ ಪಕ್ಕಪಕ್ಕದಲ್ಲೇ ಬಿದ್ದಿರುತ್ತವೆ. ನಮ್ಮಪ್ಪ ಮೇಲಿನ ಬೀದಿ ಬಂತು ಅಂದರೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಡೀತಿದ್ದ. ಕಳಚುವುದರಲ್ಲೂ ಎಷ್ಟು ಫರಕು!

ಹಾಗಂತ ಇದು ಸ್ವರ್ಗ ಅಲ್ಲ, ಗೆಳೆಯರೇ. ಇಲ್ಲಿ ಕೈ ಮುಗಿಯುವುದಕ್ಕೆ ‘ವಾಯ್’ ಅಂತಾರೆ. ಕಿರಿಯರು ಮೊದಲು ಮುಗಿಯಬೇಕು. ಎದುರಿಗಿರುವವರು ದೊಡ್ಡವರಾದಷ್ಟೂ ಮುಗಿದ ಕೈ ಮೇಲೇರಬೇಕು, ತಲೆ ಬಾಗಬೇಕು. ಭಿಕ್ಷುಗಳು ತಿರುಗಿ ಮುಗಿಯುವುದಿಲ್ಲ. ಚುಲಾಲೊಂಗ್‌ಕಾರ್ನ್ ದೊರೆ 1873ರಲ್ಲೇ ಸಾಷ್ಟಾಂಗ ಬೀಳುವ ಪದ್ಧತಿ ನಿಲ್ಲಿಸಿದ, ಗುಲಾಮಗಿರಿ 1905ರಲ್ಲಿ ರದ್ದಾಯಿತು. ಆದರೂ 2019ರ ಪಟ್ಟಾಭಿಷೇಕದ ಹೊತ್ತಲ್ಲಿ ದೊರೆಯ ಮುಂದೆ ನೆಲಕ್ಕೆ ಬಿದ್ದವರನ್ನು ಲೋಕವೇ ನೋಡಿತು.

ನಮ್ಮ ಆಫೀಸು ಗುಡಿಸುವ ಹೆಂಗಸಿಗೆ ತಲೆ ಪೂರಾ ನರೆತಿದೆ. ಮೊದಲ ದಿನ ಆಕೆಯೇ ನನಗೆ ಕೈ ಮುಗಿದಳು. ಹುಟ್ಟಿದಾಗಿಂದ ಮುಗಿದೇ ಗೊತ್ತಿದ್ದ ನನಗೆ ಅದು ಒಂದು ಗಳಿಗೆ ಸಿಹಿಯಾಯ್ತು. ಸುಳ್ಳು ಯಾಕೆ ಹೇಳಲಿ? ಸಿಹಿಯಾಯ್ತು. ಆಮೇಲೆ ನಾಚಿಕೆಯಾಯ್ತು. ಮೇಲೆ ಕೂತವರ ನಾಲಿಗೆಗೆ ಹತ್ತಿದ ರುಚಿ ಇದೇ ಅಲ್ಲವಾ? ಹಿರಿಯರು ಮೊದಲು ಕೈ ಮುಗಿದರೆ ಕಿರಿಯರ ಆಯುಷ್ಯ ಕಮ್ಮಿಯಾಗುತ್ತೆ ಅಂತ ಇಲ್ಲಿಯವರೇ ಹೇಳುತ್ತಾರೆ. ಕುರ್ಚಿಯ ಮುಂದೆ ಆ ಮಾತೂ ನಡೆಯಲಿಲ್ಲ.

ಮಾರನೆ ದಿನದಿಂದ ನಾನೇ ಮೊದಲು ಮುಗಿದೆ. ಆಕೆಯನ್ನು ‘ಪೀ’ ಅಂದೆ. ಪೀ ಅಂದರೆ ಅಕ್ಕನೂ ಹೌದು, ಅಣ್ಣನೂ ಹೌದು. ಆಕೆ ನಗುತ್ತಾ ನನ್ನನ್ನು ‘ನೋಂಗ್’ ಅಂದಳು. ನೋಂಗ್ ಅಂದರೆ ತಮ್ಮ.

ಒಂದು ಮಧ್ಯಾಹ್ನ ಆಕೆ ಕೇಳಿದಳು: “ಕಿನ್ ಖಾವ್ ರೂ ಯಂಗ್?” ಅನ್ನ ಉಂಡೆಯಾ, ಇನ್ನೂ ಇಲ್ಲವಾ ಅಂತ. ಇಲ್ಲಿ ಎದುರಾದವರನ್ನು ಮಾತಾಡಿಸುವ ರೀತಿಯೇ ಅದು. ನಮ್ಮಲ್ಲೂ “ಊಟ ಆಯ್ತಾ?” ಅಂತಾರಲ್ಲ, ಹಂಗೆ. ಆದರೆ ನಮ್ಮೂರಲ್ಲಿ ಹಾಗೆ ಕೇಳಿದ ಮೇಲಿನವರು ಅನ್ನವನ್ನು ಎತ್ತರದಿಂದ ಸೆರಗಿಗೆ ಹಾಕುತ್ತಿದ್ದರು.

ಈಕೆ ನನ್ನ ಕುಲ ಕೇಳಲಿಲ್ಲ. ತಟ್ಟೆ ಸರಿಸಿದಳು. ಸಾರು, ಮೀನು ನಡುವೆ ಇಟ್ಟು ಎಲ್ಲರೂ ಹಂಚಿಕೊಂಡು ಉಣ್ಣುವುದು ಇಲ್ಲಿಯ ವಾಡಿಕೆ. ನಾನು ಮುಟ್ಟಿದ ಮೀನಿಗೇ ಆಕೆಯೂ ಚಮಚ ಹಾಕಿದಳು.

ಆಕೆಗೆ ಅದು ದಿನದ ಊಟ. ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಅಪ್ಪ ನೆನಪಾದ.