ಪಾಬೊ ಅನ್ನಿಸಿಕೊಂಡ ಕಥೆ

ಬಸವನಗುಡಿ

ಪ್ರಿಯ ಓದುಗ ಮಿತ್ರರೇ,

ಈ ವಯಸ್ಸಿನಲ್ಲಿ ಕೊರಿಯನ್ ಅಕ್ಷರ ತಿದ್ದುವ ಹುಚ್ಚು ಯಾಕೆ ಎಂದು ಕೇಳಿದ್ದೀರಿ. ಮೊಮ್ಮಗಳು ನನ್ನನ್ನು ‘ಪಾಬೊ’ ಅಂದಳು, ಅದಕ್ಕೆ. ಕೊರಿಯನ್ ಧಾರಾವಾಹಿ ನೋಡಿ ಕಲಿತ ಮಾತು. ದಡ್ಡ ಅಂತ ಅರ್ಥ. ಬರೆದು ತೋರಿಸು ಅಂದೆ. ನೋಡಿದರೆ ಎರಡು ಕಡೆಯೂ ಒಂದೇ ವ್ಯಂಜನ, ಎರಡು ಕೊಂಬಿರುವ ಪುಟ್ಟ ಪೆಟ್ಟಿಗೆ. ಪಾಪೊ ಅನ್ನು, ಇಲ್ಲವೇ ಬಾಬೊ ಅನ್ನು. ಮೊದಲು ಪ, ಆಮೇಲೆ ಬ ಹೇಗಾಗುತ್ತದೆ ಎಂದು ಜಗಳಕ್ಕೇ ನಿಂತೆ. “ಅದು ಹಾಗೇ ತಾತ” ಅಂದಳು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಆ ಉತ್ತರ ಸಾಕಾದೀತೆ?

ಸಮಾಧಾನ ಸಿಕ್ಕಿದ್ದು ಗಾಂಧಿಬಜಾರಿನಲ್ಲಿ. ಮೋಡ ಕವಿದಿತ್ತು. “ಮಳೆಗಾಲ ಸಾಮಿ, ಬೇಗ ತಕಳಿ” ಎಂದು ಸೊಪ್ಪಿನಾಕೆ ಅವಸರ ಮಾಡಿದಳು. ಮಳೆ, ಕಾಲ, ಮಳೆಗಾಲ. ಆದೇಶ ಸಂಧಿ! ಬೆಟ್ಟದಾವರೆ, ಕಂಬನಿ ಎಂದು ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೋ. ಪದಗಳು ಕೂಡುವಾಗ ನಮ್ಮಲ್ಲಿ ಆಗುವುದು ಕೊರಿಯನ್ನರಲ್ಲಿ ಒಂದೇ ಪದದೊಳಗೂ ಆಗುತ್ತದೆ. ಮೊದಲಲ್ಲಿ ಕ, ಚ, ತ, ಪ. ಸ್ವರಗಳ ನಡುವೆ ಸಿಕ್ಕಿಕೊಂಡರೆ ಗ, ಜ, ದ, ಬ. ನಾವು ಉಚ್ಚಾರದ ಜೊತೆ ಅಕ್ಷರವನ್ನೂ ಬದಲಿಸುತ್ತೇವೆ, ಅವರು ಬದಲಿಸುವುದಿಲ್ಲ. ಎದುರುಮನೆಯ ತಮಿಳು ಮಾಮಿಗೆ ಈ ಸಂಭ್ರಮ ಹೇಳಿದರೆ, “ಅದರಲ್ಲೇನಿದೆ, ನಾವು ಬರೆಯೋದೂ ಹಾಗೇ ಅಲ್ವಾ” ಅಂದುಬಿಟ್ಟರು.

ಆಮೇಲೆ ಬಿಡಲಾಗಲಿಲ್ಲ. ಈ ಕೊರಿಯನ್ ಲಿಪಿಯನ್ನು ಸೆಜೋಂಗ್ ಎಂಬ ದೊರೆ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಜೆಗಳಿಗೆ ಕೊಟ್ಟ. ಅಕ್ಷರಗಳ ಆಕಾರಕ್ಕೆ ಕಾರಣ ಹೇಳುವ ಆಗಿನ ಗ್ರಂಥದ ಪ್ರತಿ ಸಿಕ್ಕಿದ್ದು ಮಾತ್ರ 1940ರಲ್ಲಿ. ಬಡಗಿಯ ಮೂಲೆಮಟ್ಟದಂಥ ಕ ಅಂದರೆ, ಬುಡ ಮೇಲೆದ್ದು ಗಂಟಲಿಗೆ ಅಡ್ಡಬಂದ ನಾಲಿಗೆ. ಅದನ್ನು ತಿರುಗಿಸಿಟ್ಟಂತಿರುವ ನ, ತುದಿ ಮೇಲೆತ್ತಿದ ನಾಲಿಗೆ. ಮ ಎಂಬ ಚೌಕ ಬಾಯಿ, ಸ ಹಲ್ಲು, ಸೊನ್ನೆ ಗಂಟಲು. ಇವಕ್ಕೆ ಗೆರೆ ಸೇರಿಸುತ್ತ ಹೋದರೆ ಉಳಿದವು, ಈಗ ಬಳಕೆಯಲ್ಲಿರುವ ಮೂಲ ವ್ಯಂಜನ ಒಟ್ಟು ಹದಿನಾಲ್ಕು. ಕಂಠ್ಯ, ದಂತ್ಯ, ಓಷ್ಠ್ಯ ಎಂದು ಬಾಯೊಳಗಿನ ಜಾಗ ಹಿಡಿದು ವರ್ಗ ಮಾಡುವುದು ನಮಗೆ ಹೊಸದೇ? ಆ ಶಾಸ್ತ್ರ ಬೌದ್ಧ ಭಿಕ್ಷುಗಳ ಜೊತೆ ಚೀನಾಕ್ಕೆ ಹೋಯಿತು. ಸೆಜೋಂಗನ ವಿದ್ವಾಂಸರು ಓದಿಕೊಂಡಿದ್ದದ್ದು ಚೀನಾದ ಧ್ವನಿಶಾಸ್ತ್ರವನ್ನು. ಆದರೆ ನಾಲಿಗೆಯ ಚಿತ್ರವನ್ನೇ ಅಕ್ಷರ ಮಾಡಿದ ಬುದ್ಧಿ ಪೂರ್ತಿ ಅವರದು. ನಮ್ಮ ವೈಯಾಕರಣ ಕೇಶಿರಾಜನಿಗೂ ಅದು ಹೊಳೆದಿರಲಿಲ್ಲ.

ಎಲ್ಲಕ್ಕಿಂತ ಇಷ್ಟವಾದದ್ದು ಸೊನ್ನೆ. ಅಕ್ಷರದ ಮೊದಲಲ್ಲಿ ಬಂದರೆ ಅದು ಮೂಕ, ಸ್ವರಕ್ಕೆ ಜಾಗ ಹಿಡಿದು ಕೂರುತ್ತದೆ. ಕೊನೆಯಲ್ಲಿ ಬಂದರೆ ಙ. ಒಂದನೇ ಕ್ಲಾಸಿನಲ್ಲಿ ಕಲಿತು ಮತ್ತೆಂದೂ ಬರೆಯದ ಆ ಙ! ಅಂಗಳ ಎಂದು ಬರೆಯುವಾಗ ನಾವೂ ಅದಕ್ಕೆ ಸೊನ್ನೆಯನ್ನೇ ಇಡುತ್ತೇವೆ, ನೋಡಿ.

ಕಷ್ಟವಾದದ್ದು ಪ ಮನೆತನ. ಸಾದಾ ಪ, ಉಸಿರಿನ ಫ, ಬಿಗಿ ಪ್ಪ, ಮೂರೂ ಬೇರೆ. ಬೆಂಗಳೂರಿನ ನಾಲಿಗೆ ‘ಫಲ’ವನ್ನೂ ಈಗ ಇಂಗ್ಲಿಷ್ ಫ್ಯಾನಿನ ಫ ಹಾಕಿಯೇ ಹೇಳುತ್ತದೆ. ಕೊರಿಯನ್ನಿನಲ್ಲಿ ಆ ಇಂಗ್ಲಿಷ್ ಫ ಇಲ್ಲವೇ ಇಲ್ಲ. ತುಟಿ ಕೂಡಿಸಿ ಉಸಿರು ಬಿಡಬೇಕು. ಬಾಯೆದುರು ಪೇಪರಿನ ಚೂರು ಹಿಡಿದು ಅಭ್ಯಾಸ ಮಾಡಿದೆ, ಚೂರು ಹಾರಬೇಕು. ಕಾಫಿಗೂ ಅವರು ಅದೇ ಅಕ್ಷರ ಬರೆಯುತ್ತಾರೆ. ನಮ್ಮಜ್ಜಿಯ ‘ಕಾಪಿ’ ನೆನಪಾಯಿತು, ಆಕೆಯೂ ತುಟಿ ಕೂಡಿಸದೆ ಆ ಪದ ಆಡಿದವಳಲ್ಲ. ಬಿಗಿ ಪ್ಪಕ್ಕೆ ಕೊಂಬಿನ ಪೆಟ್ಟಿಗೆಯನ್ನೇ ಜೋಡಿಯಾಗಿ ಬರೆಯಬೇಕು. ಅದಕ್ಕೆ ಉದಾಹರಣೆ ಕೊಡು ಎಂದರೆ ಮೊಮ್ಮಗಳು ಹೇಳಿದ ಪದ: ಅಪ್ಪ. ಅಲ್ಲೂ ಅಪ್ಪ ಅಂದರೆ ಅಪ್ಪನೇ! ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ 1905ರಲ್ಲಿ ಕೊರಿಯನ್ನಿಗೂ ದ್ರಾವಿಡ ಭಾಷೆಗಳಿಗೂ ನಂಟು ಹೇಳಿ ಪುಸ್ತಕವನ್ನೇ ಬರೆದಿದ್ದ. ಭಾಷಾವಿಜ್ಞಾನಿಗಳು ಒಪ್ಪಲಿಲ್ಲ. ನಾನೂ ಒಪ್ಪುವುದಿಲ್ಲ, ತೊದಲುವ ಮಕ್ಕಳ ಬಾಯಲ್ಲಿ ಎಲ್ಲಾದರೂ ಬರುವ ಪದ ಅದು. ಆದರೂ ಆ ಸಂಜೆ ನಾಲ್ಕು ಸಲ ಬರೆದು ನೋಡಿದೆ.

ಮುಂದಿನ ಕಾಗದದಲ್ಲಿ ನಿಮ್ಮ ಹೆಸರನ್ನೂ ಬರೆದು ಕಳಿಸುತ್ತೇನೆ. ಅದರಲ್ಲಿ ಳ ಇದ್ದರೆ ಮಾತ್ರ ಕ್ಷಮಿಸಬೇಕು. ಅವರಲ್ಲಿ ರ, ಲ ಎರಡಕ್ಕೂ ಒಂದೇ ಅಕ್ಷರ. ಳ ಇಲ್ಲವೇ ಇಲ್ಲ.

ಇಂತಿ,
ನಿಮ್ಮ ಪಾಬೊ ಮೇಷ್ಟ್ರು